ಬಾಗಿಲು ಹೊತ್ತವಳ ಕೊನೆಯ ಫಾರಂ

ಪುಸ್ತಕ ಬಿಡುಗಡೆ ಸಮಾರಂಭಗಳ ಮೇಲೆ ಬೈರಣ್ಣನಿಗಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೊನೆಯಲ್ಲಿ ಒಬ್ಬರು ಚೀಟಿ ಹಿಡಿದುಕೊಂಡು ವಂದನಾರ್ಪಣೆಗೆ ನಿಲ್ಲುತ್ತಾರಲ್ಲ, ಅವರು ಅಧ್ಯಕ್ಷರಿಗೆ ವಂದಿಸುತ್ತಾರೆ, ಬರೆದವರಿಗೆ, ಬರೆದವರ ಶ್ರೀಮತಿಯವರಿಗೆ, ಅಚ್ಚು ಹಾಕಿದ ಪ್ರೆಸ್ಸಿಗೆ, ಮುಖಪುಟದ ಚಿತ್ರ ಬರೆದವರಿಗೆ, ಮೈಕ್‌ಸೆಟ್ಟಿನವನಿಗೆ, ಉಪ್ಪಿಟ್ಟು ಕೇಸರಿಬಾತು ಮಾಡಿದ ಭಟ್ಟರಿಗೆ, ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿದ ಹುಡುಗಿಯರಿಗೆ ಕೂಡ ವಂದಿಸುತ್ತಾರೆ. ಪುಸ್ತಕ ಕಟ್ಟಿದವನಿಗೆ ಮಾತ್ರ ಒಂದು ಮಾತಿಲ್ಲ.

"ನಾನು ಕಟ್ಟದೆ ಹೋಗಿದ್ರೆ ಅದು ಪುಸ್ತಕಾನಾ? ಕಳ್ಳೇಪುರಿ ಪೊಟ್ಟಣಕ್ಕೆ ಆಗೋ ಕಾಗದ!" ಎಂದು ಅವನು ಇಟ್ಟಮಡುವಿನ ತನ್ನ ಶೆಡ್ಡಿನಲ್ಲಿ ಕೂತು ಕೂಗುತ್ತಿದ್ದ. ಕೂಗಿ ಸುಮ್ಮನಾಗುವ ಪೈಕಿಯೂ ಅಲ್ಲ. ಸಮಾರಂಭವಿದ್ದರೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವನು, ಹಿಂದಿನ ಗೋಡೆಗೆ ಒರಗಿ ನಿಲ್ಲುವನು, ವಂದನಾರ್ಪಣೆ ಮುಗಿಯುವ ತನಕ ಕಾಯುವನು, ತನ್ನ ಹೆಸರು ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡು ಬೈದುಕೊಂಡು ಬರುವನು.

"ಬೈಯೋದು ಇಲ್ಲೇ ಬೈಯಬೋದಲ್ಲ, ಅದಕ್ಕೆ ಬಸ್ ಚಾರ್ಜು ಕೊಟ್ಕೊಂಡು ಜಯನಗರಕ್ಕೆ ಯಾಕೆ ಹೋಗ್ತೀಯ?" ಎಂದು ಹೆಂಡತಿ ಕೆಂಪಕ್ಕ ಕೇಳುತ್ತಿದ್ದಳು.

"ಕಿವಿಯಾರೆ ಕೇಳಿ ಬೈದ್ರೆ ಅದರ ರುಚಿಯೇ ಬೇರೆ ಕಣಮ್ಮಿ."

ಬೈರಣ್ಣ ಇಟ್ಟಮಡುವಿನ ಹಳೆಯ ಊರಿನವನು. ಅಪ್ಪನ ಹೊಲ ಸೈಟುಗಳಾಗಿ ಹೋದ ಮೇಲೆ ಹುಡುಗನಾಗಿದ್ದಾಗಲೇ ಚಾಮರಾಜಪೇಟೆಯಲ್ಲಿ ಬೈಂಡಿಂಗ್ ಕಲಿತ. ಓದಿದ್ದು ನಾಲ್ಕನೇ ಕ್ಲಾಸು. ಕೋಪ ಮಾತ್ರ ಡಿಗ್ರಿ ಮಾಡಿತ್ತು. ಮೈದಾಹಿಟ್ಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿ ಅಂಟು ಕುದಿಸುವಾಗ ಅಂಟು ಮೊದಲು ಉಕ್ಕುತ್ತದೋ ಬೈರಣ್ಣ ಮೊದಲು ಉಕ್ಕುತ್ತಾನೋ ಎಂದು ಕೆಲಸದ ಹೆಂಗಸರು ನಗುತ್ತಿದ್ದರು. ಒಬ್ಬ ಪ್ರಕಾಶಕನ ಸ್ಕೂಟರಿನ ಸೀಟಿಗೆ ಒಂದು ಬಕೆಟ್ ಅಂಟು ಸುರಿದದ್ದೂ ಉಂಟು. ಆ ಪ್ರಕಾಶಕ ಮತ್ತೆ ಬರಲಿಲ್ಲ ಅನ್ನುವಂತಿಲ್ಲ, ಬಂದ. ಬೈರಣ್ಣ ಹೊಲಿದ ಪುಸ್ತಕ ಬಿಚ್ಚಿಕೊಳ್ಳುತ್ತಿರಲಿಲ್ಲ.

ಪ್ರೆಸ್ಸಿನಿಂದ ಪುಸ್ತಕ ಪುಸ್ತಕವಾಗಿ ಬರುವುದಿಲ್ಲ, ದೊಡ್ಡ ದೊಡ್ಡ ಹಾಳೆಗಳಾಗಿ ಬರುತ್ತದೆ. ಅದಕ್ಕೆ ಫಾರಂ ಅನ್ನುತ್ತಾರೆ. ಒಂದು ಹಾಳೆಯ ಈ ಮಗ್ಗುಲಿಗೆ ಎಂಟು ಪುಟ, ಆ ಮಗ್ಗುಲಿಗೆ ಎಂಟು ಪುಟ. ಒಂದು ಸಾಲು ನೆಟ್ಟಗಿದ್ದರೆ ಇನ್ನೊಂದು ಸಾಲು ತಲೆಕೆಳಗು. ಮೂರು ಮಡಿಕೆ ಮಡಿಸಿದರೆ ಎಲ್ಲ ಪುಟಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆ ಮಡಿಕೆ ಹೆಂಗಸರ ಕೆಲಸ. ಕೆಂಪಕ್ಕ ಮತ್ತು ಲಕ್ಕವ್ವ ಅದರಲ್ಲಿ ಪಳಗಿದವರು. ಲಕ್ಕವ್ವ ಬಾಗಲಕೋಟೆ ಕಡೆಯಿಂದ ಗಂಡನ ಜೊತೆ ಬಂದು ಅಲ್ಲೇ ಹಿಂದಿನ ಬೀದಿಯಲ್ಲಿದ್ದವಳು.

ಟೀ ಕುಡಿಯುವ ಹೊತ್ತಿನಲ್ಲಿ ಬೈರಣ್ಣನಿಗೆ ಒಂದು ಚಾಳಿ ಅಂಟಿಕೊಂಡಿತು. ಮೇಜಿನ ಮೇಲೆ ಅಂಚು ಕೂರಿಸಿಟ್ಟ ಫಾರಂ ಕಟ್ಟಿನ ಮೇಲಿನ ಹಾಳೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುವುದು. ನೆಟ್ಟಗಿನ ಸಾಲು ಈ ಕಡೆಯಿಂದ, ತಲೆಕೆಳಗಿನ ಸಾಲು ಮೇಜು ಸುತ್ತಿ ಆ ಕಡೆಯಿಂದ. ಹೀಗೆ ಅವನು ಕೈಯಲ್ಲಿ ಗ್ಲಾಸು ಹಿಡಿದು ಮೇಜಿಗೆ ಪ್ರದಕ್ಷಿಣೆ ಹಾಕುತ್ತಿದ್ದರೆ, "ಶನಿದೇವರಿಗಾದ್ರೂ ಇಷ್ಟು ಸುತ್ತಿದ್ರೆ ನಮ್ಮ ಕಷ್ಟ ತೀರಿರೋದು" ಎಂದು ಕೆಂಪಕ್ಕ ಅನ್ನುವಳು.

ಆದರೆ ಅವನು ಕಂಡದ್ದು ಸಾಮಾನ್ಯವೇ? ಒಬ್ಬ ಪಂಡಿತರು ಮಣ್ಣಲ್ಲಿ ಸಿಕ್ಕ ಮಡಕೆಯ ಚೂರುಗಳ ಮೇಲೆ ಒಂದು ಮೊಳ ದಪ್ಪದ ಪುಸ್ತಕ ಬರೆದಿದ್ದರು. ಇನ್ನೊಬ್ಬರು ಕನ್ನಡದಲ್ಲಿ ಸತ್ತುಹೋದ ಒಂದೇ ಒಂದು ಅಕ್ಷರಕ್ಕಾಗಿ ಅಷ್ಟೇ ದಪ್ಪದ್ದು ಬರೆದಿದ್ದರು. ಮನುಷ್ಯರು ಸತ್ತರೆ ಹನ್ನೊಂದು ದಿನಕ್ಕೆ ಮರೆಯುವ ಕಾಲದಲ್ಲಿ, ಒಂದು ಅಕ್ಷರ ಸತ್ತದ್ದಕ್ಕೆ ಇಷ್ಟು ವರ್ಷ ಅಳುವವರು ಇದ್ದಾರಲ್ಲ ಎಂದು ಬೈರಣ್ಣ ಬಾಯಿ ತೆರೆದು ನಿಂತುಬಿಟ್ಟಿದ್ದ. ಪರದೇಶದ ಕಥೆಗಳ ಅನುವಾದ ಬಂದರೆ ಇನ್ನೂ ಸೋಜಿಗ.

"ಕೆಂಪಿ, ಅಲ್ಲಿ ಸಮುದ್ರ ಗಟ್ಟಿಯಾಗುತ್ತಂತೆ ಕಣೇ. ನೀರ ಮೇಲೆ ಗಾಡಿ ಹೊಡ್ಕೊಂಡು ಹೋಗ್ತಾರಂತೆ!"

"ಹೋಗ್ಲಿ. ಆ ಫಾರಂ ಇತ್ಲಾಗೆ ಕೊಡು."

ಒಂದು ಮಾತು ಅವನಿಗೆ ಬಗೆಹರಿದಿರಲಿಲ್ಲ. ಪರದೇಶದ ಕಥೆಗಳಲ್ಲಿ ಜನ ಯಾಕೆ ಹಾಗೆ ನೆಗೆದು ನೆಗೆದು ಹೋಗುತ್ತಾರೆ? ಈಗ ಹಡಗಿನಲ್ಲಿದ್ದವನು ತಟ್ಟನೆ ಜೈಲಿನಲ್ಲಿರುತ್ತಾನೆ. ಈಗ ಕಪಾಳಕ್ಕೆ ಹೊಡೆದವಳು ಮರುಗಳಿಗೆ ಅವನಿಗೇ ಹೆಂಡತಿಯಾಗಿರುತ್ತಾಳೆ. 'ಅವರ ಬದುಕೇ ಹಾಗೇನೋ, ಚಳಿ ದೇಶ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಇಂಥ ಪುಸ್ತಕಗಳನ್ನು ಹೆಚ್ಚಾಗಿ ತರುತ್ತಿದ್ದವನು ಸಂಗಮೇಶ. ಗದಗಿನ ಕಡೆಯವನು, ವಿಮಾ ಕಚೇರಿಯಲ್ಲಿ ಗುಮಾಸ್ತ, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ. ಪಂಡಿತರ ಸಂಶೋಧನೆ, ಹೆಸರು ಕೇಳದ ದೇಶಗಳ ಕಾದಂಬರಿ, ಇವೆರಡು ಬಿಟ್ಟು ಬೇರೇನೂ ಪ್ರಕಟಿಸುತ್ತಿರಲಿಲ್ಲ.

"ಇದನ್ನೆಲ್ಲ ಯಾರು ಓದ್ತಾರೆ ಸಾರ್?"

"ಬೈರಣ್ಣಾರ, ಇವು ಈಗಿನ ಮಂದೀಗಲ್ರೀ. ಮುಂದ ಬರೋ ಮಂದೀಗಿ."

"ಮುಂದಿನ ಮಂದಿ ಬರೋವರೆಗೂ ಇಡೋಕೆ ನನ್ನ ಶೆಡ್ಡಲ್ಲಿ ಜಾಗ ಇಲ್ಲ. ಗಾಡಿ ತಂದು ಎತ್ಕೊಂಡು ಹೋಗಿ."

ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ಸಂಗಮೇಶ ಹೊಸದೊಂದು ಕಾದಂಬರಿಯ ಮೊದಲ ಫಾರಂ ಕಳಿಸಿದ. ಹೆಸರು 'ಬಾಗಿಲು ಹೊತ್ತವಳು'. ಯಾವುದೋ ಮಂಜಿನ ಬೆಟ್ಟಗಳ ದೇಶದ್ದು, ಆ ದೇಶದ ಹೆಸರು ಬೈರಣ್ಣನ ನಾಲಗೆಗೆ ಹೊರಳಲಿಲ್ಲ. ಬೈರಣ್ಣ ಟೀ ಗ್ಲಾಸು ಹಿಡಿದು ಎಂದಿನಂತೆ ಮೇಜು ಸುತ್ತಿದ. ಸುತ್ತಿ ಮುಗಿಯುವಷ್ಟರಲ್ಲಿ ಮುಖ ಕೆಂಪಗಾಗಿತ್ತು. ಸರಿಯಾಗಿ ಅದೇ ಹೊತ್ತಿಗೆ ಒಬ್ಬ ಹೆಂಗಸು ಕೊಡೆ ಮಡಿಸುತ್ತ ಶೆಡ್ಡಿನೊಳಕ್ಕೆ ಬಂದರು. ಅರವತ್ತರ ವಯಸ್ಸು, ತೆಳ್ಳಗಿನ ನೆಟ್ಟಗಿನ ಆಳು.

"ಸಂಗಮೇಶ್ ಹೇಳಿದ್ರು, ಫಾರಂ ಬಂದಿದೆ ಅಂತ. ಅಚ್ಚು ಎಲ್ಲಾದ್ರೂ ಮಸಕಾಗಿದೆಯಾ ನೋಡ್ಬೇಕಿತ್ತು."

"ಮಸಕಾಗಿದ್ರೇ ಚೆನ್ನಾಗಿರ್ತಿತ್ತು ಮೇಡಂ! ಹೆತ್ತ ತಾಯಿ ಇನ್ನೂ ಉಸಿರಾಡ್ತಾ ಮಲಗಿದಾಳೆ, ಇವಳು ಹಾರೆ ಹಾಕಿ ಮನೆ ಬಾಗಿಲು ಮೀಟ್ಕೊಂಡು ಹೊರಟ್ಳಲ್ಲ, ಇವಳೂ ಒಬ್ಬಳು ಮಗಳಾ? ಥೂ! ಇಂಥಾದ್ದನ್ನ ಹೊರದೇಶದಿಂದ ತರಬೇಕಿತ್ತಾ? ನಮ್ಮ ಊರಲ್ಲೇ ಬೇಕಾದಷ್ಟು ಜನ ಇದಾರೆ. ನಾನಂತೂ ಈ ಪುಸ್ತಕ ಕಟ್ಟಲ್ಲ. ಹೇಳ್ಬಿಡಿ ಬರೆದೋರಿಗೆ."

"ಕನ್ನಡಕ್ಕೆ ತಂದಿರೋಳು ನಾನೇ ಕಣ್ರೀ," ಎಂದರು ಆ ಹೆಂಗಸು. ಅವರೇ ಸರ್ವಮಂಗಳಾ ಮೇಡಂ. ಜಯನಗರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದು ರಿಟೈರಾದವರು. "ಆದ್ರೆ ನೀವು ಹೇಳ್ತಿರೋ ಕಥೆ ನಾನು ಬರೆದಿಲ್ಲವಲ್ಲ?"

"ಬರೆದಿಲ್ವಾ? ಬನ್ನಿ ಇಲ್ಲಿ. ಇದು ಹದಿಮೂರನೇ ಪುಟ, ತಾಯಿ ನೀರು ಕೇಳ್ತಾಳೆ. ಇದು ಹದಿನಾರನೇ ಪುಟ, ಮಗಳು ಬಾಗಿಲು ಮೀಟ್ತಾಳೆ."

"ಹದಿನಾಲ್ಕು, ಹದಿನೈದು?"

"ಅದು ಹಿಂದಿನ ಮಗ್ಗುಲಲ್ಲಿ."

"ಅದನ್ನ ಓದಲ್ವಾ?"

"ಅಂಚು ಕೂರಿಸಿದ ಮೇಲೆ ಹಾಳೆ ಕದಲಿಸಬಾರದು ಮೇಡಂ. ಅದು ನಮ್ಮ ಕಸುಬಿನ ನೇಮ. ಹಿಂದಿನ ಮಗ್ಗುಲು ಮಡಿಸೋರಿಗೆ."

ಮೇಡಂ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬೈರಣ್ಣ ಇನ್ನೂ ಉರಿದುಬಿದ್ದ. ಅವನು "ಮುಟ್ಟಬೇಡಿ" ಎಂದು ಕೂಗುವಷ್ಟರಲ್ಲಿ ಅವರು ಮೇಲಿನ ಹಾಳೆಯನ್ನು ಎಳೆದು ಮಗುಚಿ ಹಾಕಿ, ಕಾಗದದ ಬಂಡಲಿನ ಮೇಲೆ ಕೂತು ಹದಿನಾಲ್ಕನೇ ಪುಟವನ್ನು ಗಟ್ಟಿಯಾಗಿ ಓದತೊಡಗಿದರು.

ತಾಯಿ ನೀರು ಕುಡಿದು ಸಾಯುತ್ತಾಳೆ. ಆ ದೇಶದಲ್ಲಿ ಹೆಣ್ಣುಮಕ್ಕಳಿಗೆ ಹೊಲವಿಲ್ಲ, ದನವಿಲ್ಲ, ಮನೆಯಿಲ್ಲ. ತಾಯಿ ಸತ್ತ ದಿನ ಆ ಮನೆಯ ಬಾಗಿಲು ಒಂದು ಮಾತ್ರ ಮಗಳದು. ಅದನ್ನು ಅವಳು ಸೂತಕ ಕಳೆಯುವುದರೊಳಗೆ ತಾನೇ ಹೊತ್ತು ತನ್ನ ಮನೆಗೆ ಸೇರಿಸಬೇಕು. ಇನ್ನೊಬ್ಬರು ಕೈ ಹಚ್ಚಿದರೆ ಅದು ಬರಿಯ ಹಲಗೆ. ಮಗಳ ಮನೆ ಬೆಟ್ಟದಾಚೆ. ನಡುವೆ ಹಿಮ ಮುಚ್ಚಿದ ಕಣಿವೆ. ಅಣ್ಣತಮ್ಮಂದಿರು ಗೋಡೆಗೆ ಒರಗಿ ನೋಡುತ್ತಿದ್ದಾರೆ, ಅವಳು ಹಾರೆ ಎತ್ತಿಕೊಳ್ಳುತ್ತಾಳೆ.

ಲಕ್ಕವ್ವ ಮಡಿಸುತ್ತಿದ್ದ ಹಾಳೆಯನ್ನು ಅರ್ಧಕ್ಕೆ ಬಿಟ್ಟು ಮೂಗು ಒರೆಸಿಕೊಂಡಳು. ಅವಳ ಅವ್ವ ತೀರಿಕೊಂಡಾಗ ಇವಳು ಬಾಗಲಕೋಟೆಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಮಗ ಕದಾನೂ ಬರಲಿಲ್ಲ ನೋಡ್ರಿ," ಎಂದಳು.

ಬೈರಣ್ಣ ಆ ಮಗುಚಿದ ಹಾಳೆಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅವನು ಓದಿದ್ದೆಲ್ಲ ಅರ್ಧ. ಹಡಗಿನವನು ಜೈಲಿಗೆ ಹೋಗುವ ಮುಂಚೆ ಏನೋ ನಡೆದಿತ್ತು. ಕಪಾಳಕ್ಕೆ ಹೊಡೆದವಳು ಮದುವೆಯಾಗುವ ಮುಂಚೆ ಏನೋ ನಡೆದಿತ್ತು. ಅದೆಲ್ಲ ಅವನ ಕೈಯಡಿಯಲ್ಲೇ, ಒಂದು ಕಾಗದದಷ್ಟು ದೂರದಲ್ಲೇ ಇತ್ತು. ಪ್ರಪಂಚದ ಎಷ್ಟು ಜನರನ್ನು ಸುಮ್ಮಸುಮ್ಮನೆ ಬೈದುಬಿಟ್ಟೆನಲ್ಲ ಅನಿಸಿತು.

"ಇನ್ನೊಂದ್ಸಲ ಓದಿ ಮೇಡಂ," ಎಂದ. ಅವನ ದನಿ ಅಷ್ಟು ಮೆತ್ತಗಿರಬಲ್ಲದೆಂದು ಕೆಂಪಕ್ಕನಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಅದು ರೂಢಿಯಾಯಿತು. ಹೊಸ ಫಾರಂ ಬಂದ ಸುದ್ದಿ ಮುಟ್ಟಿದರೆ ಸಾಕು, ಮೇಡಂ ಜೆಪಿ ನಗರದಿಂದ ಬಸ್ಸು ಹತ್ತಿ ಬರುವರು. ಬೈರಣ್ಣ ಹಾಳೆಯೊಂದನ್ನು ತಾನೇ ಮಡಿಸಿ, ಅಂಚು ಸೀಳಿ, ಅವರ ಕೈಗೆ ಕೊಡುವನು. ಅವರು ಬಂಡಲಿನ ಮೇಲೆ ಕೂತು ಓದುವರು. ಹೆಂಗಸರು ಮಡಿಸುತ್ತ ಕೇಳುವರು. ಬೈರಣ್ಣ ಹೊಲಿಯುತ್ತ ಕೇಳುವನು. ಕಾದಂಬರಿಯವಳ ಹೆಸರು ಮೀರ್ಯಾ ಎಂದೇನೋ ಇತ್ತು. ಶೆಡ್ಡಿನಲ್ಲಿ ಅವಳು ಎರಡನೇ ವಾರಕ್ಕೇ ಮೀರಮ್ಮನಾದಳು.

"ಮೀರಮ್ಮಂಗೆ ಬುದ್ಧಿ ಇಲ್ಲ. ಆ ಕುರುಬ ಗುಡಿಸಲಲ್ಲಿ ಮಲಕ್ಕೋ ಅಂದಾಗ ಮಲಗಬೋದಿತ್ತು," ಎಂದು ಕೆಂಪಕ್ಕ ಅನ್ನುವಳು.

"ಮಲಗಿದ್ರೆ ಬಾಗಿಲು ಕಾಯೋರು ಯಾರು? ಅವನ ಕಣ್ಣು ಅದರ ಮೇಲೇ ಇತ್ತು," ಎಂದು ಬೈರಣ್ಣ ರೇಗುವನು.

"ನಿಂಗೆ ಎಲ್ಲರ ಮೇಲೂ ಅನುಮಾನ."

"ಮೇಡಂ, ನೀವೇ ಹೇಳಿ. ಅವನು ಕಳ್ಳ ತಾನೇ?"

"ಹೇಳೋದೇ ಬೇರೆ, ಓದೋದೇ ಬೇರೆ. ಸುಮ್ನೆ ಕೇಳಿ," ಎಂದು ಮೇಡಂ ಕ್ಲಾಸಿನಲ್ಲಿ ಗದರಿದಂತೆ ಗದರುವರು. ಬೈರಣ್ಣನನ್ನು ಗದರಿ ಉಳಿದವರು ಇಡೀ ಇಟ್ಟಮಡುವಿನಲ್ಲಿ ಅವರೊಬ್ಬರೇ.

ಒಂದು ದಿನ ಅವನು ಕೇಳಿದ: "ಅಲ್ಲ ಮೇಡಂ, ಆ ದೇಶದೋರ ಭಾಷೆ ನಿಮಗೆ ಹೆಂಗೆ ಬರುತ್ತೆ?"

"ಬರಲ್ಲ. ಅವರ ಭಾಷೆಯಿಂದ ಯಾರೋ ಇಂಗ್ಲಿಷಿಗೆ ತಂದ್ರು, ನಾನು ಇಂಗ್ಲಿಷಿಂದ ಇಲ್ಲಿಗೆ ತಂದೆ."

"ಅಂದ್ರೆ ಬಾಗಿಲು ಇನ್ನೂ ಎರಡು ಬೆಟ್ಟ ದಾಟಿ ಬಂದಿದೆ ಅನ್ನಿ."

ಮೇಡಂ ಅವನನ್ನು ದಿಟ್ಟಿಸಿ ನೋಡಿದರು. ಓದನ್ನು ಎಲ್ಲಿ ನಿಲ್ಲಿಸಿದ್ದರೋ ಆ ಸಾಲು ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಸಂಕ್ರಾಂತಿ ಕಳೆದ ಮೇಲೆ ಕೊನೆಯದಕ್ಕೆ ಹಿಂದಿನ ಫಾರಂ ಬಂತು. ಅವತ್ತು ಮೇಡಂ ಓದಿದ್ದನ್ನು ಬೈರಣ್ಣ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಮೀರಮ್ಮನ ತಾಯಿಗೆ ಒಂದು ಅಭ್ಯಾಸವಿತ್ತು, ತನ್ನ ಮನೆಗೆ ತಾನೇ ಬಂದರೂ ಹೊರಗೆ ನಿಂತು ಎರಡು ಸಲ ಬಾಗಿಲು ತಟ್ಟಿಯೇ ಒಳಗೆ ಬರುವಳು. ಕಥೆಯುದ್ದಕ್ಕೂ ಆ ಮಾತು ಬಂದಿತ್ತು. ಈಗ ಮಗಳು ಬೆಟ್ಟದ ನೆತ್ತಿ ಮುಟ್ಟಿದ್ದಾಳೆ. ಮೇಡಂ ಓದಿದರು:

"ಗಾಳಿ ಅವಳನ್ನು ಮುಂದಕ್ಕೆ ಬಿಡಲಿಲ್ಲ. ಬೆನ್ನ ಮೇಲಿನ ಬಾಗಿಲನ್ನು ಇಳಿಸಿ ಹಿಮದಲ್ಲಿ ನೆಟ್ಟು ನಿಲ್ಲಿಸಿದಳು. ಗೋಡೆಯಿಲ್ಲ, ಸೂರಿಲ್ಲ, ಬಾಗಿಲೊಂದೇ. ಅವಳು ಈಚೆ ಕೂತಳು, ಗಾಳಿ ಆಚೆ ನಿಂತಿತು. ಆ ಬಯಲಿನಲ್ಲಿ ಅದೊಂದು ಮನೆಯಾಯಿತು. ಬಹಳ ಹೊತ್ತಾದ ಮೇಲೆ ಆಚೆಯಿಂದ ಯಾರೋ ತಟ್ಟಿದರು. ಎರಡು ಸಲ."

ಅಲ್ಲಿಗೆ ಹಾಳೆ ಮುಗಿದಿತ್ತು.

"ಯಾರು?" ಎಂದರು ಮೂವರೂ ಒಟ್ಟಿಗೆ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಕೊನೆ ಅಧ್ಯಾಯ ಇನ್ನೂ ಪ್ರೆಸ್ಸಿಗೆ ಕೊಟ್ಟಿಲ್ಲ. ಬರೀತೀನಿ, ಗಟ್ಟಿಯಾಗಿ ಓದ್ಕೋತೀನಿ, ಸರಿಹೋಗಲ್ಲ, ಹರಿದು ಹಾಕ್ತೀನಿ. ಇಂಗ್ಲಿಷಲ್ಲಿ ಇರೋದು ಕನ್ನಡದಲ್ಲಿ ಕೂರ್ತಾ ಇಲ್ಲ."

"ಕೂರದಿದ್ರೆ ನಿಂತ್ಕೊಂಡೇ ಇರ್ಲಿ ಮೇಡಂ! ತಟ್ಟಿದೋರು ಯಾರು ಅಷ್ಟು ಹೇಳ್ಬಿಡಿ."

"ಊಹೂಂ. ಕೊನೆ ಫಾರಂ ನಾನೇ ಬಂದು ಓದ್ತೀನಿ. ಅಲ್ಲೀವರೆಗೂ ಬೇರೆ ಯಾರ ಹತ್ರಾನೂ ಕೇಳಬಾರದು. ಮಾತು ಕೊಡಿ."

ಬೈರಣ್ಣ ಅಂಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಮಾತು ಕೊಟ್ಟ. "ನೀವೂ ಮಾತು ಕೊಡಿ," ಎಂದ. ಅವರೂ ಕೊಟ್ಟರು.

ಯುಗಾದಿ ಹತ್ತಿರ ಬಂದರೂ ಮೇಡಂ ಬರಲಿಲ್ಲ. ಬಂದವನು ಸಂಗಮೇಶ.

"ಮೇಡಂಗ ಲಕ್ವಾ ಹೊಡದದ ಬೈರಣ್ಣಾರ. ಬಲಗೈ ಬಲಗಾಲು ಬಿದ್ದಾವು. ಮಾತು ನಿಂತದ. ನನಗೂ ಬೆಳಗಾವಿಗೆ ವರ್ಗ ಆಗೇದ. ಪುಸ್ತಕ ಸದ್ಯಕ ಬಿಟ್ಟುಬಿಡ್ರಿ."

ಬಿಟ್ಟುಬಿಡುವುದು ಎಂದರೆ ರದ್ದಿಗೆ ಹಾಕುವುದು. ಬೈರಣ್ಣ ಹಾಕಲಿಲ್ಲ. ಮಡಿಸಿದ ಫಾರಂಗಳನ್ನೆಲ್ಲ ಪ್ಲಾಸ್ಟಿಕ್ ಸುತ್ತಿ, ಗೆದ್ದಲು ಹತ್ತದ ಹಾಗೆ ಹಲಗೆಯ ಮೇಲೆ ಏರಿಸಿಟ್ಟ. ಮೇಡಂ ಮನೆಗೆ ಹೋಗಿಬರಬೇಕೆಂದು ಎಷ್ಟೋ ಸಲ ಹೊರಟ. ಗದರುತ್ತಿದ್ದ ಆ ಬಾಯಿ ಸುಮ್ಮನಿರುವುದನ್ನು ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಬಸ್ ಸ್ಟಾಪಿನ ತನಕ ಹೋಗಿ, ಅಲ್ಲಿ ಯಾರ ಜೊತೆಗೋ ಜಗಳ ಕಾದು ವಾಪಸು ಬರುತ್ತಿದ್ದ.

ವರ್ಷಗಳು ಹೋದವು. ಇಟ್ಟಮಡುವಿನಲ್ಲಿ ಮನೆಯ ಮೇಲೆ ಮನೆ ಎದ್ದಿತು. ರದ್ದಿಯವನು ಬಂದಾಗಲೆಲ್ಲ ಕೆಂಪಕ್ಕ ಆ ಹಲಗೆಯ ಕಡೆ ಕೈ ತೋರಿಸುವಳು, ಬೈರಣ್ಣ ರದ್ದಿಯವನ ತಕ್ಕಡಿ ಎಸೆಯುವನು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಸಂಗಮೇಶ ವಾಪಸು ಬೆಂಗಳೂರಿಗೆ ಬಂದ. ಬಂದವನೇ ಬೆಂಗಳೂರು ಸುತ್ತಿನ ಕೆರೆಗಳ ಶಾಸನಗಳ ಮೇಲೆ ಒಬ್ಬ ಪಂಡಿತರು ಬರೆದ ಗ್ರಂಥ ಅಚ್ಚು ಹಾಕಿಸಿ, ಬಿಡುಗಡೆಗೆ ದಿನ ಗೊತ್ತು ಮಾಡಿಬಿಟ್ಟ. ಬಿಡುಗಡೆಯ ದಿನ ಬೆಳಿಗ್ಗೆಯಿಂದ ಜಡಿಮಳೆ. ಅಂಟು ಒಣಗಲಿಲ್ಲ, ಕರೆಂಟು ಹೋಗಿ ಕಟಿಂಗ್ ಮೆಷಿನ್ ನಿಂತುಹೋಯಿತು.

"ಸಂಜೀಕ ಕಾರ್ಯಕ್ರಮ ಅದರೀ!" ಎಂದು ಸಂಗಮೇಶ ತಲೆಯ ಮೇಲೆ ಕೈ ಹೊತ್ತು ಕೂತ.

"ನಿಮ್ಮ ಪಂಡಿತರು ಇಷ್ಟು ಕೆರೆ ಬಗ್ಗೆ ಬರೆದ್ರೆ ಮಳೆ ಬರದೆ ಇರುತ್ತಾ ಸಾರ್? ಬೈಕೊಳ್ಳೋದಾದ್ರೆ ಅವರನ್ನ ಬೈಕೊಳ್ಳಿ."

ಇಂಥ ಹೊತ್ತಿಗೆ ಈ ಕಸುಬಿನಲ್ಲಿ ಒಂದು ಉಪಾಯವಿದೆ. ವೇದಿಕೆಗೆ ಬೇಕಾದದ್ದು ನಾಲ್ಕೈದು ಪ್ರತಿ. ಅಷ್ಟೇ ಅಳತೆಯ ಯಾವುದಾದರೂ ಹಳೆಯ ಪುಸ್ತಕಕ್ಕೆ ಹೊಸ ಮುಖಪುಟ ತೊಡಿಸಿ, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಟ್ಟರಾಯಿತು. ಗಣ್ಯರು ಬಿಚ್ಚುತ್ತಾರೆ, ಎದೆಯ ಹತ್ತಿರ ಹಿಡಿಯುತ್ತಾರೆ, ಫೋಟೋ ಆಗುತ್ತದೆ, ಚಪ್ಪಾಳೆ ಆಗುತ್ತದೆ. ಒಳಗೆ ಯಾರೂ ನೋಡುವುದಿಲ್ಲ.

"ಮೇಡಂ ಬುಕ್ಕು ಅದೇ ಅಳತೆ, ಅದೇ ದಪ್ಪ," ಎಂದಳು ಕೆಂಪಕ್ಕ.

"ಕೈ ಕತ್ತರಿಸ್ತೀನಿ ಅದನ್ನ ಮುಟ್ಟಿದ್ರೆ!"

"ಮುಟ್ಟದೆ ಇಟ್ಟು ಏನು ಮಾಡ್ದೆ? ಏಳು ವರ್ಷದಿಂದ ಪ್ಲಾಸ್ಟಿಕ್ಕಲ್ಲಿ ಉಸಿರು ಕಟ್ಟಿ ಕೂತಿದಾಳೆ ಮೀರಮ್ಮ. ಒಂದು ಸಾಯಂಕಾಲ ಜಯನಗರ ನೋಡ್ಕೊಂಡು ಬರ್ಲಿ ಬಿಡು."

ಬೇರೆ ದಾರಿಯಿರ‍ಲಿಲ್ಲ. ಬೈರಣ್ಣ ಗೊಣಗುತ್ತಲೇ ನಾಲ್ಕೈದು ಪ್ರತಿಗಾಗುವಷ್ಟು ಫಾರಂಗಳನ್ನು ಜೋಡಿಸಿ, ಹೊಲಿದು, ಅಂಚನ್ನು ಚಾಕುವಿನಿಂದ ಸೀಳಿ, ಮುಖಪುಟ ಏರಿಸಿ, ಒಲೆಯ ಕಾವಿಗೆ ಹಿಡಿದು ಅಂಟು ಆರಿಸಿದ. ಸಂಜೆ ಎಂದಿನಂತೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತ.

ಮುಖ್ಯ ಅತಿಥಿಗಳು ಬಹಳ ಓದಿದ ಹಿರಿಯ ಪ್ರೊಫೆಸರು. ರಿಬ್ಬನ್ ಬಿಚ್ಚಿದರು, ಫೋಟೋ ಆಯಿತು. ಆದರೆ ಪಂಡಿತರಿಗೆ ಒಂದು ಅಭ್ಯಾಸವಿರುತ್ತದೆ ಎಂಬುದು ಬೈರಣ್ಣನ ಲೆಕ್ಕದಲ್ಲಿರಲಿಲ್ಲ. ಅವರು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ, ಬರೆದವರು ಯಾವ ಯಾವ ಗ್ರಂಥ ನೋಡಿದ್ದಾರೆಂದು ಮೊದಲು ತಿಳಿಯಬೇಕು. ಪ್ರೊಫೆಸರು ಮೈಕಿನ ಮುಂದೆ ನಿಂತು ಕೊನೆಯ ಪುಟ ತೆಗೆದರು. ಹುಬ್ಬು ಮೇಲೇರಿತು. ಮುಖಪುಟ ನೋಡಿದರು, ಮತ್ತೆ ಒಳಗೆ ನೋಡಿದರು. ವೇದಿಕೆಯ ಮೇಲೆ ಸಂಗಮೇಶ ಬೆವತುಹೋದ. ಬೈರಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

"ಇದು ಕೆರೆಯ ನೀರಲ್ಲ," ಎಂದರು ಪ್ರೊಫೆಸರು ಮೆಲ್ಲಗೆ, "ಹಿಮ. ಏನೋ ಅದಲುಬದಲಾಗಿದೆ. ಆದರೆ ಇದು ಯಾರ ಕನ್ನಡ? ಒಂದು ನಿಮಿಷ, ಅಪ್ಪಣೆಯಿದ್ದರೆ..."

ಅವರು ಓದಿದರು. ಗಾಳಿ ಅವಳನ್ನು ಮುಂದಕ್ಕೆ ಬಿಡಲಿಲ್ಲ. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ. ಗೋಡೆಯಿಲ್ಲ, ಸೂರಿಲ್ಲ, ಬಾಗಿಲೊಂದೇ. ಮೊದಲ ಸಾಲಿನವರು ಪಿಸುಮಾತು ನಿಲ್ಲಿಸಿದರು. ಉಪ್ಪಿಟ್ಟಿನ ತಟ್ಟೆ ಜೋಡಿಸುತ್ತಿದ್ದವರು ಹಾಗೇ ನಿಂತರು. ಆಚೆಯಿಂದ ಯಾರೋ ತಟ್ಟಿದರು. ಎರಡು ಸಲ. ಪ್ರೊಫೆಸರು ಪುಟ ತಿರುವಿದರು. ಏನೂ ಇರಲಿಲ್ಲ, ಬರಿಯ ರಟ್ಟು.

"ಮುಂದೆ?" ಎಂದು ಸಭೆಯಿಂದ ಯಾರೋ ಕೂಗಿದರು. ಆಮೇಲೆ ಹತ್ತಾರು ಜನ ಕೂಗಿದರು.

ಬೈರಣ್ಣನ ರೋಮವೆಲ್ಲ ಎದ್ದು ನಿಂತಿತ್ತು. ಇಟ್ಟಮಡುವಿನ ಶೆಡ್ಡಿನಲ್ಲಿ ಮೂವರು ಕೇಳಿದ್ದ ಮಾತನ್ನು ಈಗ ಒಂದು ಸಭೆಯೇ ಕೇಳುತ್ತಿತ್ತು. ಯಾವ ದೇಶದ ಯಾವ ಬೆಟ್ಟವೋ, ಯಾರೋ ಕಂಡದ್ದು ಯಾರೋ ಹೇಳಿದ್ದು ಎರಡು ಭಾಷೆ ದಾಟಿ ಬಂದು, ಒಬ್ಬ ಹೆಂಗಸಿನ ಬಾಯಲ್ಲಿ ಕೂತು, ಆ ಬಾಯಿ ನಿಂತುಹೋದ ಮೇಲೂ ಇಷ್ಟು ಜನರನ್ನು ಅಲ್ಲಾಡದಂತೆ ಹಿಡಿದು ಕೂರಿಸಿತಲ್ಲ. ಅವತ್ತು ವಂದನಾರ್ಪಣೆ ಯಾವಾಗ ಆಯಿತೋ ಅವನಿಗೆ ಗೊತ್ತೇ ಆಗಲಿಲ್ಲ.

ಪ್ರೊಫೆಸರೇ ನಿಂತು ಸಂಗಮೇಶನನ್ನು ಒಪ್ಪಿಸಿದರು, ಆ ಕಾದಂಬರಿ ಹೊರಗೆ ಬರಬೇಕೆಂದು. ಕೊನೆಯ ಅಧ್ಯಾಯವನ್ನು ಅನ್ನಪೂರ್ಣ ಎಂಬ ಲೆಕ್ಚರರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟರು. ಮರುವರ್ಷ ಕೊನೆಯ ಫಾರಂ ಅಚ್ಚಾಗಿ ಶೆಡ್ಡಿಗೆ ಬಂದು ಬಿತ್ತು. ಕೆಂಪಕ್ಕ ಓಡಿಬಂದಳು, ಲಕ್ಕವ್ವ ಕನ್ನಡಕ ಹುಡುಕಿದಳು.

"ಯಾರೂ ಓದಕೂಡದು!" ಎಂದು ಬೈರಣ್ಣ ಗುಡುಗಿದ. "ಮೇಡಂ ಓದ್ತೀನಿ ಅಂದಿದಾರೆ."

"ಮೇಡಂಗೆ ಮಾತೇ ಇಲ್ಲವಲ್ಲೋ ಮಾರಾಯಾ!" ಎಂದಳು ಕೆಂಪಕ್ಕ.

ಅವನು ಒಂದು ಹಾಳೆಯನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಟ. ಅವತ್ತು ಬಸ್ ಸ್ಟಾಪಿನಿಂದ ವಾಪಸು ಬರಲಿಲ್ಲ.

ಜೆಪಿ ನಗರದ ಮನೆಯಲ್ಲಿ ಬಾಗಿಲು ತೆಗೆದದ್ದು ಮೇಡಂ ಅವರ ತಂಗಿ. ಮೇಡಂ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಬಲಗೈ ಮಡಿಲಲ್ಲಿ ಇನ್ನೊಬ್ಬರ ಕೈಯಂತೆ ಬಿದ್ದಿತ್ತು. ಬೈರಣ್ಣನನ್ನು ನೋಡಿದ ಕೂಡಲೇ ಅವರ ಕಣ್ಣು ನಕ್ಕಿತು.

"ಎಲ್ಲ ಗೊತ್ತಾಗುತ್ತೆ ಅವಳಿಗೆ. ಮಾತೊಂದು ಬಿಟ್ಟು," ಎಂದರು ತಂಗಿ.

ಬೈರಣ್ಣ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದ. ಹಾಳೆಯನ್ನು ಬಿಚ್ಚಿ ಅವರ ಮಡಿಲ ಮೇಲೆ ಹರಡಿ, "ಕೊನೆ ಫಾರಂ ಮೇಡಂ. ಬೇರೆಯೋರು ಬರೆದಿದಾರೆ. ನಾನು ಓದಿಲ್ಲ, ಯಾರನ್ನೂ ಕೇಳಿಲ್ಲ," ಎಂದಷ್ಟೇ ಹೇಳಿ ನೆಲದ ಮೇಲೆ ಕೂತ.

ಮೇಡಂ ಎಡಗೈಯಿಂದ ಮೊದಲ ಪುಟ ಹುಡುಕಿದರು. ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ತಲೆಕೆಳಗಿನ ಸಾಲು ಬಂದಾಗ ಅವನು ಎದ್ದು ಹಾಳೆ ತಿರುಗಿಸಿಕೊಟ್ಟ, ಮಗುಚಬೇಕಾದಾಗ ಮಗುಚಿಕೊಟ್ಟ, ಪುಟಗಳನ್ನು ನೋಡದೆ, ಗೋಡೆಯ ಕಡೆ ಮುಖ ಮಾಡಿಕೊಂಡು. ಹೀಗೆ ಅವರು ಪೂರ್ತಿ ಓದಿದರು. ಓದಿ ಮುಗಿಸಿ ತಲೆ ಆಡಿಸಿದರು. ಸರಿಯಾಗಿದೆ ಎಂದೋ, ಹೀಗಲ್ಲ ಎಂದೋ, ಬೈರಣ್ಣನಿಗೆ ತಿಳಿಯಲಿಲ್ಲ. ಆಮೇಲೆ ಮತ್ತೆ ಮೊದಲ ಪುಟಕ್ಕೆ ಬಂದು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಅವನನ್ನು ನೋಡಿ, ಬಾಯಿ ತೆರೆದರು.

ದನಿ ಹೊರಡಲಿಲ್ಲ. ಮತ್ತೆ ತೆರೆದರು. ಕುತ್ತಿಗೆಯ ನರ ಬಿಗಿಯಿತು, ಗಂಟಲಲ್ಲಿ ಏನೋ ಉರುಳಿತು, ಒಂದು ಅಕ್ಷರ ಕೂಡ ಆಗಲಿಲ್ಲ. ಯಾರಿಗೂ ಒಂದು ನಿಮಿಷ ಕಾಯದ ಬೈರಣ್ಣ ಮಿಸುಕದೆ ಕೂತಿದ್ದ. "ಸಾಕು ಬಿಡೇ, ಆಯಾಸ ಆಗುತ್ತೆ," ಎಂದು ತಂಗಿ ಹಾಳೆಗೆ ಕೈ ಹಾಕಿದರು. ಮೇಡಂ ಬಿಡಲಿಲ್ಲ. ಒಂದೇ ಕೈಯಲ್ಲಿ, ಅಂಚಿಗೆ ಅಂಚು ಕೂರದೆ, ಅಡ್ಡಾದಿಡ್ಡಿ ಮಡಿಕೆ ಮಡಿಸಿ, ತಮ್ಮ ತೊಡೆಯ ಕೆಳಗೆ ಸೇರಿಸಿಕೊಂಡರು.

"ಅದು ಅವರ ಕೆಲಸದ್ದು ಕಣೇ, ಕೊಡು."

"ಇರ್ಲಿ ಬಿಡಿ ಅಮ್ಮ," ಎಂದ ಬೈರಣ್ಣ. "ಮಾತು ಬಂದಾಗ ಓದ್ತಾರೆ. ಅವಸರ ಏನಿಲ್ಲ."

ಪುಸ್ತಕ ಹೊರಗೆ ಬಂತು. ಓದಿದವರೆಲ್ಲ ಹೊಗಳಿದರು, ಎರಡನೇ ಮುದ್ರಣವೂ ಆಯಿತು. ಎರಡನ್ನೂ ಬೈರಣ್ಣನೇ ಕಟ್ಟಿದ. ಕೊನೆಯ ಫಾರಂ ಜೋಡಿಸುವಾಗ ಮಾತ್ರ ಕಣ್ಣನ್ನು ಪುಟದ ಕೆಳಗಿನ ಅಂಕಿಯ ಮೇಲಿಟ್ಟು, ಸಾಲುಗಳ ಕಡೆಗೆ ಹೋಗಗೊಡುತ್ತಿರಲಿಲ್ಲ. ಕೆಂಪಕ್ಕ ಕದ್ದು ಓದಿಬಿಟ್ಟಿದ್ದಳು. ಓದಿದ ದಿನ ಒಲೆಯ ಮೇಲೆ ಅನ್ನ ಸೀದರೂ ಅವಳಿಗೆ ಗೊತ್ತಾಗಿರಲಿಲ್ಲ. ಗಂಡಹೆಂಡಿರ ಜಗಳ ಕಾವೇರಿದಾಗ ಅವಳು, "ಹೇಳ್ಬಿಡ್ತೀನಿ ನೋಡು, ತಟ್ಟಿದ್ದು ಯಾರು ಅಂತ!" ಅನ್ನುವಳು. ಬೈರಣ್ಣ ಎರಡೂ ಕಿವಿ ಮುಚ್ಚಿಕೊಂಡು ಬೀದಿಗೆ ಇಳಿಯುವನು. ಅವನನ್ನು ಸೋಲಿಸುವ ಮಾತು ಅದೊಂದೇ.

ಎರಡು ಸಾವಿರದ ಏಳರಲ್ಲಿ ಮೇಡಂ ತೀರಿಕೊಂಡರು. ಮಾತು ಬಂದಿರಲಿಲ್ಲ. ಹಾರ ಹಿಡಿದು ಹೋದ ಬೈರಣ್ಣ ಜನರ ಹಿಂದೆ ಬಹಳ ಹೊತ್ತು ನಿಂತಿದ್ದ.

"ಇನ್ನಾದ್ರೂ ಓದ್ಕೋ," ಎಂದಳು ಕೆಂಪಕ್ಕ, ಮನೆಗೆ ಬಂದು ಸ್ನಾನವಾದ ಮೇಲೆ. ಜಗಳದ ದನಿಯಲ್ಲಿ ಅಲ್ಲ. "ಮಾತು ಕೊಟ್ಟೋರೇ ಹೋದ್ರು."

"ಅವರು ಹೋದ್ರೆ ಬಾಕಿ ಹೋಗುತ್ತಾ?" ಎಂದ ಬೈರಣ್ಣ. "ಹದಿನಾರು ಪುಟ ಅವರು ನಂಗೆ ಓದಿ ಹೇಳೋದಿದೆ."